ಮದ್ಯ ಬಿಟ್ಟ ಮೊದಲ ವಾರ: ತಾಳವಾಡಿ ಸೀಮೆ

ವರ್ಷಗಟ್ಟಲೆ ದಿನವೂ ಕುಡಿದವರು ಮದ್ಯವನ್ನು ನಿಲ್ಲಿಸಿದಾಗ ಮೊದಲ ಏಳೆಂಟು ದಿನ ದೇಹ ಮತ್ತು ಮನಸ್ಸು ಹಾದುಹೋಗುವ ಸ್ಥಿತಿಯನ್ನು ವೈದ್ಯಶಾಸ್ತ್ರ ಮದ್ಯದ ಹಿಂತೆಗೆತ ಎಂದು ಕರೆಯುತ್ತದೆ. ಕೊನೆಯ ಗುಟುಕು ಇಳಿದ ಆರೇಳು ಗಂಟೆಗೆ ಇದು ಮೊದಲಾಗುತ್ತದೆ, ಎರಡು ಮೂರನೆಯ ದಿನಕ್ಕೆ ಏರುತ್ತದೆ, ಐದರಿಂದ ಏಳನೆಯ ದಿನದೊಳಗೆ ಬಹುಪಾಲು ಇಳಿಯುತ್ತದೆ. ಹೆಚ್ಚಿನವರಿಗೆ ಕೈನಡುಕ, ಬೆವರು, ವಾಕರಿಕೆ, ನಿದ್ದೆಗೇಡು ಇಷ್ಟರಲ್ಲೇ ಮುಗಿಯುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಸನ್ನಿ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಅದು ಪ್ರಾಣಕ್ಕೆ ಎರವಾಗಬಹುದು. ಬೀಡಿ ಬಿಟ್ಟವರು ಚಡಪಡಿಸುತ್ತಾರೆ, ಅಫೀಮು ಬಿಟ್ಟವರು ನರಳುತ್ತಾರೆ, ಆದರೆ ಬಿಟ್ಟದ್ದರಿಂದಲೇ ಸಾಯುವುದು ಅಪರೂಪ. ಮದ್ಯದ ವಿಷಯ ಹಾಗಲ್ಲ. ಮೊದಲ ವಾರವನ್ನು ಮನೋಬಲದ ಪರೀಕ್ಷೆ ಎಂದು ನೋಡುವ ರೂಢಿ ಆದ್ದರಿಂದಲೇ ತಪ್ಪು. ಆಸ್ಪತ್ರೆಯ ದಾರಿ ಗೊತ್ತುಮಾಡಿಕೊಂಡ ಮೇಲೆ ಆರಂಭಿಸಬೇಕಾದ ಕೆಲಸ ಅದು. ಈ ಮಾತು ಎಲ್ಲ ಊರಿಗೂ ಸಲ್ಲುತ್ತದೆ. ಘಟ್ಟದ ಮೇಲಿನ ಊರುಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ.

ಸೀಮೆ

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಯ ಉತ್ತರದ ತುದಿಯಲ್ಲಿ, ದಿಂಬಂ ಘಟ್ಟದ ಮೇಲೆ, ಚಾಮರಾಜನಗರ ಜಿಲ್ಲೆಗೆ ಅಂಟಿಕೊಂಡಿರುವ ಪ್ರಸ್ಥಭೂಮಿ. ಮನೆಮಾತು ಬಹುಮಟ್ಟಿಗೆ ಕನ್ನಡ. ಅದೂ ಚಾಮರಾಜನಗರದ ಕನ್ನಡ. ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು ಇಲ್ಲಿಯದೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಆ ಜಿಲ್ಲೆಗೆ ಬಂತು. ಸತ್ಯಮಂಗಲ ತಾಲ್ಲೂಕಿನ ಭಾಗವಾಗಿದ್ದ ಈ ಸೀಮೆ ಈಗ ಪ್ರತ್ಯೇಕ ತಾಲ್ಲೂಕು.

ಕೋಸು, ಆಲೂಗೆಡ್ಡೆ, ಟೊಮೆಟೊ, ಬೆಳ್ಳುಳ್ಳಿ, ಅರಿಶಿನ, ಕಬ್ಬು, ಬಾಳೆ, ರಾಗಿ ಇಲ್ಲಿಯ ಬೆಳೆಗಳು. ಸುತ್ತಲೂ ಕಾಡು, 2013ರಿಂದ ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ತಲಮಲೆ, ಗೇರ್ಮಾಳಂ ಕಡೆಯ ಕಾಡಂಚಿನ ಹಾಡಿಗಳಲ್ಲಿ ಸೋಲಿಗರೂ ಊರಾಳಿಗಳೂ ಇದ್ದಾರೆ. ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ಗಂಡಸರು ರಾತ್ರಿ ಹೊಲದ ಅಟ್ಟಣೆಯಲ್ಲಿ ಕಾವಲು ಕೂರುತ್ತಾರೆ. ಕುಡಿತಕ್ಕೆ ಹೇಳುವ ಕಾರಣಗಳಲ್ಲಿ ರಾತ್ರಿಯ ಚಳಿ, ಈ ಕಾವಲು ಮುಂದೆ ಬರುತ್ತವೆ. ಮದ್ಯ ಚರ್ಮಕ್ಕೆ ರಕ್ತ ಹರಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಚಳಿಗೆ ಅದು ಮದ್ದಲ್ಲ.

ಮೊದಲ ವಾರಕ್ಕೆ ಸಂಬಂಧಿಸಿದಂತೆ ಈ ಭೂಗೋಳದಲ್ಲಿ ಮುಖ್ಯವಾದದ್ದು ದಾರಿ. ತಾಲ್ಲೂಕಿನ ಆಡಳಿತ ತಮಿಳುನಾಡಿನದು, ಜಿಲ್ಲಾ ಕೇಂದ್ರ ಈರೋಡಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ಹಾಸನೂರು ದಾಟಿ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಆ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ; ಆಂಬುಲೆನ್ಸಿಗೆ ವಿನಾಯಿತಿ ಇದ್ದರೂ ರಸ್ತೆಗೆ ಬಂದ ಆನೆಗೆ ಆ ವಿನಾಯಿತಿ ತಿಳಿಯದು. ಇತ್ತ ಚಾಮರಾಜನಗರ ಸುಮಾರು 25 ಕಿಲೋಮೀಟರ್, ಘಟ್ಟ ಇಳಿಯಬೇಕಾಗಿಲ್ಲ. ಪಡಿತರ ಚೀಟಿ ಒಂದು ರಾಜ್ಯದ್ದು, ಹತ್ತಿರದ ದೊಡ್ಡ ಆಸ್ಪತ್ರೆ ಇನ್ನೊಂದು ರಾಜ್ಯದ್ದು. ಇಲ್ಲಿ ಕುಡಿತ ಬಿಡಿಸಲು ಹೊರಟವರು ಮೊದಲು ಬಿಡಿಸಬೇಕಾದ ಗಂಟು ಇದು.

ಅಂಗಡಿ ಮತ್ತು ಕಾನೂನು

ಮದ್ರಾಸ್ ಪ್ರಾಂತದಲ್ಲಿ ಪಾನನಿಷೇಧ ಮೊದಲಾದದ್ದು 1937ರ ಅಕ್ಟೋಬರ್ 1ರಂದು, ಸೇಲಂ ಜಿಲ್ಲೆಯಲ್ಲಿ, ರಾಜಾಜಿಯವರ ಸರ್ಕಾರದಿಂದ. 1948ರ ಹೊತ್ತಿಗೆ ಅದು ಇಡೀ ಪ್ರಾಂತಕ್ಕೆ ಹಬ್ಬಿತು. 1971ರಲ್ಲಿ ಕರುಣಾನಿಧಿ ಸರ್ಕಾರ ಅದನ್ನು ತೆಗೆಯಿತು, 1974ರಲ್ಲಿ ಮರಳಿ ತಂದಿತು, 1981ರಲ್ಲಿ ಎಂ.ಜಿ.ಆರ್. ಕಾಲದಲ್ಲಿ ಮತ್ತೆ ಸಡಿಲವಾಯಿತು. 1983ರಲ್ಲಿ ಮದ್ಯದ ಸಗಟು ಮಾರಾಟಕ್ಕಾಗಿ ಹುಟ್ಟಿದ ಸರ್ಕಾರಿ ನಿಗಮ ಟಾಸ್ಮಾಕ್ 2003ರ ನವೆಂಬರಿನಿಂದ ಚಿಲ್ಲರೆ ಮಾರಾಟವನ್ನೂ ಕೈಗೆತ್ತಿಕೊಂಡಿತು. 2016ರಲ್ಲಿ ಜಯಲಲಿತಾ ಸರ್ಕಾರ 500 ಅಂಗಡಿಗಳನ್ನು ಮುಚ್ಚಿ, ಉಳಿದವು ಬೆಳಗ್ಗೆ 10ರ ಬದಲು ಮಧ್ಯಾಹ್ನ 12ಕ್ಕೆ ತೆರೆಯಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಪ್ಯಾಕೆಟ್ಟುಗಳು ಬಂದವು.

ಮದ್ಯದ ವಿರುದ್ಧ ಹೋರಾಟಗಳೂ ನಡೆದಿವೆ. ಸೇಲಂನ ಗಾಂಧಿವಾದಿ ಶಶಿಪೆರುಮಾಳ್ 2015ರ ಜುಲೈ 31ರಂದು ಟಾಸ್ಮಾಕ್ ಅಂಗಡಿ ಮುಚ್ಚಿಸುವ ಹೋರಾಟದಲ್ಲೇ ಪ್ರಾಣ ಬಿಟ್ಟರು. 2019ರ ಜನವರಿಯಲ್ಲಿ ಕರ್ನಾಟಕದ ಹಳ್ಳಿಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಇವರ ಸಂಕಟ ನಿಜ, ಬೇಡಿಕೆ ನ್ಯಾಯವಾದದ್ದು. ಆದರೆ ಅಂಗಡಿ ಮುಚ್ಚಿದ ಮಾರನೆಯ ಬೆಳಗ್ಗೆ ನಡುಗುವ ಕೈಗೆ ಏನು ಕೊಡಬೇಕು ಎಂಬ ಪ್ರಶ್ನೆಗೆ ಯಾವ ಪಾನನಿಷೇಧ ಕಾಯಿದೆಯಲ್ಲೂ ಉತ್ತರ ಬರೆದಿರಲಿಲ್ಲ.

ಮಧ್ಯಾಹ್ನ 12ರ ನಿಯಮ ಗೊತ್ತಿಲ್ಲದೆಯೇ ಒಂದು ಅಳತೆಗೋಲಾಗಿದೆ. ರಾತ್ರಿ ಹತ್ತಕ್ಕೆ ಕೊನೆಯದನ್ನು ಕುಡಿದವನಿಗೆ ಮಾರನೆಯ ಮಧ್ಯಾಹ್ನಕ್ಕೆ 14 ಗಂಟೆ ಆಗಿರುತ್ತದೆ. ಆ ಹೊತ್ತಿಗೆ ಟೀ ಲೋಟ ಹಿಡಿಯಲಾರದೆ ಅಂಗಡಿ ಬಾಗಿಲಲ್ಲಿ ಕಾಯುವವನು, ಅಥವಾ ಬೆಳಗ್ಗೆಗೆಂದು ರಾತ್ರಿಯೇ ಒಂದು ಕ್ವಾರ್ಟರ್ ಅಡಗಿಸಿಡುವವನು, ಆಗಲೇ ದಿನಕ್ಕೊಮ್ಮೆ ಹಿಂತೆಗೆತಕ್ಕೆ ಒಳಗಾಗುತ್ತಿದ್ದಾನೆ. “ಒಂದು ಹಾಕುದ್ರ ಕೈ ನಿಂತ್ಕತದ” ಎಂಬ ಮಾತು ಯಾವ ಮನೆಯಲ್ಲಿ ಕೇಳಿಬರುತ್ತದೋ ಆ ಮನೆಯಲ್ಲಿ ಕುಡಿತವನ್ನು ಒಮ್ಮೆಗೇ, ವೈದ್ಯರಿಲ್ಲದೆ, ನಿಲ್ಲಿಸಬಾರದು. ದೊಡ್ಡ ಪರೀಕ್ಷೆಗಳು ಹೇಳುವುದರ ಬಹುಪಾಲನ್ನು ಈ ಒಂದು ಮಾತೇ ಹೇಳಿಬಿಡುತ್ತದೆ.

ಪ್ರಮಾಣದ ಅಂದಾಜಿಗೆ: ಭಾರತದ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೊಹಾಲ್ ಇರುತ್ತದೆ. 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಸೇರುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6 ಮಂದಿ ಮದ್ಯ ಸೇವಿಸುತ್ತಾರೆ, ಶೇ. 2.7 ಮಂದಿ, ಅಂದರೆ ಸುಮಾರು 2.9 ಕೋಟಿ ಜನ, ಅದಕ್ಕೆ ದಾಸರಾಗಿದ್ದಾರೆ.

ಮಿದುಳಿನಲ್ಲಿ ಆಗುವುದು

ಮಿದುಳಿನಲ್ಲಿ ನರಗಳ ವೇಗವನ್ನು ತಗ್ಗಿಸುವ ರಾಸಾಯನಿಕ ಗಾಬಾ, ಹೆಚ್ಚಿಸುವುದು ಗ್ಲುಟಮೇಟ್. ಮದ್ಯ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ತಡೆಯುತ್ತದೆ. ದಿನವೂ ಹೀಗಾದಾಗ ಮಿದುಳು ಸುಮ್ಮನಿರುವುದಿಲ್ಲ. ಸಮತೋಲಕ್ಕಾಗಿ ಗಾಬಾದ ಸ್ಪಂದನವನ್ನು ಕುಗ್ಗಿಸಿ ಗ್ಲುಟಮೇಟಿನದನ್ನು ಹಿಗ್ಗಿಸಿಕೊಳ್ಳುತ್ತದೆ. ಮದ್ಯ ಇದ್ದಕ್ಕಿದ್ದಂತೆ ನಿಂತರೆ ಉಳಿಯುವುದು ಈ ಹಿಗ್ಗಿದ ಉದ್ರೇಕ ಮಾತ್ರ. ಏರುದಾರಿಯಲ್ಲಿ ಎತ್ತು ಮೈಯೆಲ್ಲ ಬಿಗಿದು ಎಳೆಯುತ್ತಿರುವಾಗ ಗಾಡಿಯ ಮಿಣಿ ಹರಿದರೆ ಅದು ಹೇಗೆ ಮುಂದಕ್ಕೆ ಮುಗ್ಗರಿಸುತ್ತದೋ, ನರವ್ಯೂಹವೂ ಹಾಗೆಯೇ. ನಡುಕ, ಎದೆಬಡಿತ, ಏರಿದ ರಕ್ತದೊತ್ತಡ, ಫಿಟ್ಸ್ ಎಲ್ಲವೂ ಇದೇ ಮುಗ್ಗರಿಕೆಯ ಮಟ್ಟಗಳು.

ಇನ್ನೊಂದು ಸಂಗತಿಯನ್ನು ಊರಿನವರು ಅಷ್ಟಾಗಿ ಗಮನಿಸುವುದಿಲ್ಲ. ಬಿಡುವುದು, ಮತ್ತೆ ಹಿಡಿಯುವುದು ಪದೇ ಪದೇ ಆದಂತೆ ಪ್ರತಿ ಸಲದ ಹಿಂತೆಗೆತ ಹಿಂದಿನದಕ್ಕಿಂತ ತೀವ್ರವಾಗಬಲ್ಲದು. “ಹೋದ ವರ್ಷ ಬಿಟ್ಟಾಗ ಏನೂ ಆಗಲಿಲ್ಲ” ಎಂಬ ಧೈರ್ಯ ಈ ವರ್ಷಕ್ಕೆ ಆಧಾರವಲ್ಲ. ಹಿಂದೊಮ್ಮೆ ಫಿಟ್ಸ್ ಅಥವಾ ಸನ್ನಿ ಬಂದಿದ್ದರೆ ಮುಂದಿನ ಸಲವೂ ಬರುವ ಸಂಭವ ಹೆಚ್ಚು. ಅಂಥವರು ಮನೆಯಲ್ಲಿ ಬಿಡುವ ಪ್ರಯತ್ನವನ್ನೇ ಮಾಡಬಾರದು.

ದಿನಗಳ ನಡೆ

ಮೊದಲ ದಿನ. ಆರರಿಂದ 24 ಗಂಟೆಯೊಳಗೆ ಕೈಬೆರಳು ನಡುಗುತ್ತವೆ, ಅಂಗೈ ಒದ್ದೆಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ತಲೆ ಸಿಡಿಯುತ್ತದೆ. ಸಣ್ಣ ಸದ್ದಿಗೂ ಬೆಚ್ಚುವುದು, ಕಾರಣವಿಲ್ಲದ ಭಯ, ಸಿಡುಕು ಇರುತ್ತವೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ಮನೆಯವರಿಗೆ ಈ ಸಿಡುಕು ಜಗಳದಂತೆ ಕಾಣುತ್ತದೆ. ಅದಕ್ಕೆ ಉತ್ತರ ಕೊಡದೆ ಇರುವುದೇ ಆ ದಿನದ ಆರೈಕೆ.

ಎರಡನೆಯ ದಿನ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಗಳಲ್ಲಿ. ಮುನ್ಸೂಚನೆ ಇಲ್ಲದೆ ಬಿದ್ದು ಕೈಕಾಲು ಸೆಡೆದು ಒದರಿಕೊಳ್ಳುತ್ತಾರೆ. ಆಗ ಮಾಡಬೇಕಾದ್ದು ಸ್ವಲ್ಪವೇ: ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆಯಿಟ್ಟು, ಸೆಡೆತ ನಿಂತೊಡನೆ ಒಂದು ಮಗ್ಗುಲಿಗೆ ಹೊರಳಿಸುವುದು. ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತೂರಿಸುವುದು ಬೇಡ. ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದೇ ಸಲ ಬಂದು ನಿಂತರೂ ಆಸ್ಪತ್ರೆಗೆ ಹೋಗಲೇಬೇಕು, ಯಾಕೆಂದರೆ ಫಿಟ್ಸ್ ಬಂದವರಲ್ಲಿ ಹಲವರಿಗೆ ಬೆನ್ನಲ್ಲೇ ಸನ್ನಿ ಬರುತ್ತದೆ. ಇದೇ ಕಾರಣಕ್ಕೆ ಮೊದಲ ವಾರ ಅಟ್ಟಣೆ ಹತ್ತಬಾರದು, ಬಾವಿ ಕೆರೆಗಳಿಗೆ ಇಳಿಯಬಾರದು, ಬೈಕು ಟ್ರ್ಯಾಕ್ಟರು ಓಡಿಸಬಾರದು, ಒಲೆಯ ಮುಂದೆ ಒಬ್ಬರೇ ಕೂರಬಾರದು. ತಾಳವಾಡಿಯ ರೈತನಿಗೆ ಇದನ್ನು ಪಾಲಿಸುವುದು ಸುಲಭವಲ್ಲ. ಕಾವಲಿಗೆ ಅಣ್ಣತಮ್ಮಂದಿರೋ ನೆರೆಹೊಲದವರೋ ಒಪ್ಪಿದ ಮೇಲೆಯೇ ಬಿಡುವ ದಿನವನ್ನು ಗೊತ್ತುಮಾಡಬೇಕು.

ಇದೇ ಅವಧಿಯಲ್ಲಿ ಕೆಲವರಿಗೆ ಇಲ್ಲದ ದನಿ ಕೇಳುತ್ತದೆ, ಗೋಡೆಯ ಮೇಲೆ ಏನೋ ಹರಿದಂತೆ ಕಾಣುತ್ತದೆ. ಆದರೆ ತಾನೆಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬ ಅರಿವು ಉಳಿದಿರುತ್ತದೆ. ಇದಿನ್ನೂ ಸನ್ನಿಯಲ್ಲ, ವೈದ್ಯರನ್ನು ಕಾಣಲು ಇದೇ ಕೊನೆಯ ಒಳ್ಳೆಯ ಹೊತ್ತು.

ಮೂರು, ನಾಲ್ಕನೆಯ ದಿನ. ಸನ್ನಿ ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಮೊದಲಾಗುತ್ತದೆ. ದಿಕ್ಕು, ಹೊತ್ತು, ಮನೆಮಂದಿಯ ಗುರುತು ತಪ್ಪುತ್ತದೆ. ಹಾವು, ಇರುವೆ, ಹುಳು ಮೈಮೇಲೆ ಹರಿಯುತ್ತವೆಂದು ಕೊಡವಿಕೊಳ್ಳುತ್ತಾರೆ. ಜ್ವರ ಏರುತ್ತದೆ, ಬೆವರು ಧಾರೆಯಾಗಿ ಇಳಿಯುತ್ತದೆ, ನಾಡಿ ಓಡುತ್ತದೆ. ಕತ್ತಲಾದಂತೆ ಎಲ್ಲವೂ ಹೆಚ್ಚು. ಕಾಡಂಚಿನ ಊರಿನಲ್ಲಿ ಈ ಸ್ಥಿತಿಯ ಮನುಷ್ಯ ರಾತ್ರಿ ಬಾಗಿಲು ತೆಗೆದು ನಡೆದುಬಿಟ್ಟರೆ ಅಪಾಯ ಎರಡು ಪಟ್ಟು. ಇದನ್ನು ದೆವ್ವ ಮೆಟ್ಟಿಕೊಂಡದ್ದು ಎಂದು ತಿಳಿದು ತಾಯಿತ, ತಡೆ ಎಂದು ಒಂದು ದಿನ ಕಳೆದರೆ ಕಳೆದುಕೊಂಡದ್ದು ಚಿಕಿತ್ಸೆಯ ಅತಿ ಮುಖ್ಯವಾದ ದಿನ. ದೇವರ ಗುಡಿಗೆ ಆಮೇಲೆ ಹೋಗಬಹುದು. ಮೊದಲು 108ಕ್ಕೆ ಕರೆ ಮಾಡಬೇಕು.

ಐದರಿಂದ ಏಳು. ತೊಡಕಿಲ್ಲದವರಿಗೆ ನಡುಕ ನಿಲ್ಲುತ್ತದೆ, ಹಸಿವು ಮರಳುತ್ತದೆ, ಬಾಯಿಗೆ ರುಚಿ ಬರುತ್ತದೆ. ನಿದ್ದೆ ಮಾತ್ರ ಸರಿಹೋಗಲು ವಾರಗಳೇ ಬೇಕು. “ಇಷ್ಟು ದಿನವಾದರೂ ನಿದ್ದೆಯಿಲ್ಲ, ಒಂದೇ ಒಂದು ನೈಂಟಿ” ಎಂದು ಎಷ್ಟೋ ಜನ ಮರಳುವುದು ಈ ಹಂತದಲ್ಲಿ. ನಿದ್ದೆ ತಡವಾಗಿ ಬರುತ್ತದೆಂದು ಮೊದಲೇ ತಿಳಿಸಿದ್ದರೆ ಅವರಲ್ಲಿ ಕೆಲವರಾದರೂ ತಡೆದುಕೊಳ್ಳುತ್ತಿದ್ದರು.

ಸನ್ನಿಯ ಕಾರಣ ತಿಳಿದದ್ದು

ಈ ಸನ್ನಿಗೆ ವೈದ್ಯಶಾಸ್ತ್ರದಲ್ಲಿ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರಿಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್, 1813ರಲ್ಲಿ. ಆದರೆ ಅದು ಕುಡಿತದ ವಿಷದಿಂದ ಬರುತ್ತದೋ, ಊಟವಿಲ್ಲದೆ ಬರುತ್ತದೋ, ಕುಡಿತ ನಿಂತದ್ದರಿಂದ ಬರುತ್ತದೋ ಎಂಬ ಗೊಂದಲ ಇನ್ನೂ ನೂರಕ್ಕೂ ಹೆಚ್ಚು ವರ್ಷ ಉಳಿಯಿತು. 1953ರಲ್ಲಿ ಬಾಸ್ಟನ್ನಿನ ಮಾರಿಸ್ ವಿಕ್ಟರ್ ಮತ್ತು ರೇಮಂಡ್ ಆಡಮ್ಸ್ ನೂರಾರು ರೋಗಿಗಳನ್ನು ಗಮನಿಸಿ ದಿನಗಳ ಲೆಕ್ಕವನ್ನು ದಾಖಲಿಸಿದರು. 1955ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಹತ್ತು ಜನರಿಗೆ ಹೊಟ್ಟೆತುಂಬ ಊಟ, ವಿಟಮಿನ್ ಕೊಡುತ್ತಲೇ ವಾರಗಟ್ಟಲೆ ಮದ್ಯ ಕುಡಿಸಿ ಒಮ್ಮೆಗೇ ನಿಲ್ಲಿಸಿದರು. ಹೆಚ್ಚು ಕಾಲ ಕುಡಿದವರಲ್ಲಿ ನಡುಕ, ಫಿಟ್ಸ್, ಸನ್ನಿ ಎಲ್ಲವೂ ಕಾಣಿಸಿಕೊಂಡವು. ಉಪವಾಸವಲ್ಲ, ನಿಲ್ಲಿಸಿದ್ದೇ ಕಾರಣ ಎಂದು ಸಾಬೀತಾಯಿತು. ಇಂದು ಅಂಥ ಪ್ರಯೋಗಕ್ಕೆ ಯಾವ ನೀತಿಸಮಿತಿಯೂ ಒಪ್ಪುವುದಿಲ್ಲ, ಒಪ್ಪಬಾರದು. ಆ ಜನ ಪಟ್ಟ ಪಾಡಿನಿಂದ ಬಂದ ತಿಳಿವಳಿಕೆ ಇಂದಿಗೂ ಜೀವ ಉಳಿಸುತ್ತಿದೆ.

ಮದ್ದು

ಹಿಂತೆಗೆತಕ್ಕೆ ಮುಖ್ಯ ಮದ್ದು ಬೆಂಜೊಡಯಾಜೆಪೀನ್ ಗುಂಪಿನ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಂ. ಯಕೃತ್ತು ಕೆಟ್ಟವರಿಗೆ, ವಯಸ್ಸಾದವರಿಗೆ ಲೊರಾಜೆಪಾಂ. ಗಾಬಾದ ಕೆಲಸವನ್ನು ಇವು ತಾತ್ಕಾಲಿಕವಾಗಿ ವಹಿಸಿಕೊಳ್ಳುತ್ತವೆ. 1969ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 537 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಪಡೆದವರಿಗೆ ಫಿಟ್ಸ್ ಮತ್ತು ಸನ್ನಿ ಉಳಿದೆಲ್ಲರಿಗಿಂತ ಕಡಿಮೆ ಬಂದವು. ಮಾತ್ರೆಯನ್ನು ಮೊದಲ ದಿನ ಹೆಚ್ಚು ಕೊಟ್ಟು ಐದಾರು ದಿನಗಳಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಈ ಮಾತ್ರೆಯೂ ಚಟವಾಗಬಲ್ಲದು, ಮದ್ಯದ ಜೊತೆ ಸೇರಿದರೆ ಉಸಿರು ನಿಲ್ಲಿಸಬಲ್ಲದು. ಹಾಗಾಗಿ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ತರುವ ವಸ್ತುವಲ್ಲ.

ಎರಡನೆಯ ಮದ್ದು ಅಗ್ಗದ್ದು, ಹಾಗೆಂದೇ ಕಡೆಗಣಿಸಲ್ಪಟ್ಟದ್ದು: ತಯಮಿನ್, ಅಂದರೆ ವಿಟಮಿನ್ ಬಿ1. ಬಹುಕಾಲ ಕುಡಿದವರ ಮೈಯಲ್ಲಿ ಇದು ಬರಿದಾಗಿರುತ್ತದೆ. ಅದಿಲ್ಲದೆ ಮಿದುಳು ಸಕ್ಕರೆಯನ್ನು ಬಳಸಲಾರದು. ಕೊರತೆ ತೀವ್ರವಾದಾಗ ಕಣ್ಣುಗುಡ್ಡೆ ಅದುರುವುದು, ನಡಿಗೆ ತೂರಾಡುವುದು, ಮಂಕು ಕವಿಯುವುದು ಸೇರಿದ ಒಂದು ಕಾಯಿಲೆ ಬರುತ್ತದೆ. ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರಿದೆ. ಚಿಕಿತ್ಸೆ ತಡವಾದರೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದ ಶಾಶ್ವತ ಮರೆವು ಉಳಿಯುತ್ತದೆ. ರಾಗಿಯಲ್ಲಿ ಬಿ1 ಇದೆ. ಆದರೆ ಕುಡಿತದಿಂದ ಹುಣ್ಣಾದ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಅದಕ್ಕೇ ಮೊದಲ ದಿನಗಳಲ್ಲಿ ಇಂಜೆಕ್ಷನ್.

ಹಳ್ಳಿಗಳ ಒಂದು ಅಭ್ಯಾಸವನ್ನು ಇಲ್ಲಿ ಒತ್ತಿ ಹೇಳಬೇಕು. ಸುಸ್ತಾದ ಕುಡುಕನನ್ನು ಹತ್ತಿರದ ಕ್ಲಿನಿಕ್ಕಿಗೆ ಒಯ್ದು “ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ” ಎಂದು ಮನೆಯವರೇ ಕೇಳುತ್ತಾರೆ. ಬಿ1 ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಉಳಿದಿದ್ದ ಅಷ್ಟಿಷ್ಟು ಬಿ1 ಕೂಡ ಖರ್ಚಾಗಿ ವೆರ್ನಿಕೆಯ ಕಾಯಿಲೆ ಎದ್ದುಬಿಡಬಹುದು. ಗ್ಲೂಕೋಸಿಗೆ ಮುಂಚೆ, ಇಲ್ಲವೇ ಜೊತೆಗೆ, ತಯಮಿನ್ ಎಂಬುದು ಪಾಠಪುಸ್ತಕದ ನಿಯಮ. “ಇವರು ದಿನಾ ಕುಡೀತಿದ್ರು ಡಾಕ್ಟ್ರೇ, ಬಿಟ್ಟು ಎರಡು ದಿನ ಆಯ್ತು” ಎಂದು ಮನೆಯವರು ಮೊದಲೇ ಹೇಳಿದರೆ ಸಾಕು, ವೈದ್ಯರು ಆ ನಿಯಮ ನೆನೆಯುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟರೆ ಆಗುವ ನಷ್ಟ ದೊಡ್ಡದು.

ಅನ್ನ, ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಕುಡಿತ ಬಿಡಿಸುವ ಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಡೈಸಲ್ಫಿರಾಂ ಎಂಬ ನಿಜವಾದ ಔಷಧ 1948ರಲ್ಲಿ ಡೆನ್ಮಾರ್ಕಿನಿಂದ ಬಂತು. ಅದನ್ನು ತೆಗೆದುಕೊಂಡವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ಮದ್ಯ ನಿಲ್ಲಿಸಿ ಕನಿಷ್ಠ 12 ಗಂಟೆಯಾದ ಮೇಲೆ ವೈದ್ಯರ ಕಣ್ಣೆದುರು ಆರಂಭಿಸುವಂಥದು ಅದು. ತಿಳಿಯದವನಿಗೆ ತಿನ್ನಿಸಿದರೆ ಪ್ರಾಣ ಹೋಗಬಹುದು. ಹೆಂಡತಿಯೋ ತಾಯಿಯೋ ಬೇರೆ ದಾರಿ ಕಾಣದೆ ಈ ಪುಡಿಗೆ ಕೈಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ, ಬೇರೆ ದಾರಿಯನ್ನು ತೋರಿಸಬೇಕು.

2020: ಒಮ್ಮೆಗೇ ಎಲ್ಲರಿಗೂ ಬಂದ ಮೊದಲ ವಾರ

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ಮದ್ಯದಂಗಡಿಗಳೂ ಮುಚ್ಚಿದವು. ಯಾರೂ ಯೋಜಿಸದೆ ಲಕ್ಷಾಂತರ ಜನ ಒಂದೇ ದಿನ ಕುಡಿತ ನಿಲ್ಲಿಸಬೇಕಾಯಿತು. ಬೆಂಗಳೂರಿನ ಆಸ್ಪತ್ರೆಗಳ ದಾಖಲೆ ನೋಡಿದ ನಿಮ್ಹಾನ್ಸ್ ವೈದ್ಯರು ತೀವ್ರ ಹಿಂತೆಗೆತದಿಂದ ಬರುವವರ ಸಂಖ್ಯೆ ಸರಾಸರಿ ದಿನಕ್ಕೆ 4ರಿಂದ 8ಕ್ಕೆ ಏರಿದ್ದನ್ನು ವರದಿ ಮಾಡಿದರು. ಕೇರಳ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು. ವೈದ್ಯರೇ ವಿರೋಧಿಸಿದರು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ವೈದ್ಯರ ವಾದ ಸರಿಯಾಗಿತ್ತು: ಚಿಕಿತ್ಸೆ ಮದ್ಯವಲ್ಲ, ಮಾತ್ರೆ ಮತ್ತು ಬಿ1. ಆದರೆ ಆ ಮಾತ್ರೆ ಹಳ್ಳಿಯವರೆಗೆ ತಲುಪಬೇಕಿತ್ತಲ್ಲ. ಕರ್ನಾಟಕದಲ್ಲಿ ಮೇ 4ರಂದು ಅಂಗಡಿಗಳು ತೆರೆದವು, ತಮಿಳುನಾಡಿನಲ್ಲಿ ಮೇ 7ರಂದು ತೆರೆದು, ಮುಚ್ಚಿ, ಮತ್ತೆ ತೆರೆದವು. ಆ ಆರು ವಾರಗಳಲ್ಲಿ ಕಷ್ಟಪಟ್ಟು ದಾಟಿದವರಲ್ಲೂ ಬಹುಮಂದಿಗೆ ಮುಂದೇನು ಎಂದು ಹೇಳುವವರಿರಲಿಲ್ಲ.

ಆಣೆ, ಮಾಲೆ, ಶಿಬಿರ

ಈ ಸೀಮೆಯಲ್ಲಿ ಕುಡಿತ ಬಿಡುವವರು ಮೊದಲು ಹೋಗುವುದು ಆಸ್ಪತ್ರೆಗಲ್ಲ, ದೇವರ ಬಳಿಗೆ. ಮಾದಪ್ಪನ ಮೇಲೆ ಆಣೆ ಇಡುತ್ತಾರೆ. ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕುತ್ತಾರೆ. ಮಾಲೆ ಹಾಕಿದವನನ್ನು ಊರೇ ಸ್ವಾಮಿ ಎನ್ನುತ್ತದೆ, ಯಾರೂ ಕುಡಿಯಲು ಕರೆಯುವುದಿಲ್ಲ, ಮನೆಯಲ್ಲಿ ಬೇರೆ ಅಡುಗೆ, ಬೇರೆ ಚಾಪೆ, ಬೆಳಗ್ಗೆ ಸಂಜೆ ಪೂಜೆ. 41 ದಿನ ಒಬ್ಬ ಮನುಷ್ಯನ ಸುತ್ತ ಇಂಥ ಬೇಲಿ ಕಟ್ಟುವ ಏರ್ಪಾಡು ಯಾವ ಆಸ್ಪತ್ರೆಯಲ್ಲೂ ಇಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳುವುದು ಅವಿವೇಕ. ಕೊರತೆ ಇರುವುದು ಮೊದಲ ನಾಲ್ಕು ದಿನದಲ್ಲಿ: ವ್ರತ ಹಿಡಿದ ದಿನವೇ ದೇಹವೂ ಹಿಂತೆಗೆತಕ್ಕೆ ಸಿಗುತ್ತದೆ, ಉಪವಾಸ ತಣ್ಣೀರಿನ ಸ್ನಾನಗಳು ಅದಕ್ಕೆ ಸೇರುತ್ತವೆ. ಮಾಲೆಗೆ ಒಂದು ವಾರ ಮುಂಚೆ ವೈದ್ಯರನ್ನು ಕಂಡು, ಮಾತ್ರೆಯ ನೆರವಿನಿಂದ ನಿಲ್ಲಿಸಿ, ಆಮೇಲೆ ಮಾಲೆ ಹಾಕಿಕೊಂಡರೆ ಎರಡರ ಬಲವೂ ದೊರೆಯುತ್ತದೆ. ಗುರುಸ್ವಾಮಿಗಳು ಈ ಮಾತನ್ನು ಹೇಳಿದರೆ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಜನ ಕೇಳುತ್ತಾರೆ.

ಶಿಬಿರದ ದಾರಿ ದಕ್ಷಿಣ ಭಾರತದಲ್ಲೇ ಬೆಳೆದದ್ದು. ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಕಾವೇರಿ ಬಯಲಿನ ಮಂಜಕ್ಕುಡಿಯಲ್ಲಿ ಹಳ್ಳಿಯವರಿಗಾಗಿ ಶಿಬಿರ ನಡೆಸಿ, ಆಸ್ಪತ್ರೆಯೇ ಊರಿಗೆ ಹೋಗಬಹುದೆಂದು ತೋರಿಸಿತು. ಕರ್ನಾಟಕದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ಸಾವಿರ ದಾಟಿವೆ. ಊರಿನ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ಒಟ್ಟಿಗೆ ಉಳಿದು, ಯೋಗ, ಭಜನೆ, ಆಪ್ತಸಲಹೆ, ಗುಂಪುಚರ್ಚೆಗಳ ನಡುವೆ ವಾರ ಕಳೆಯುತ್ತಾರೆ. ಮನೆಯವರನ್ನೂ ಕರೆಸಿ ಮಾತಾಡಿಸುತ್ತಾರೆ. ಆಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಿರುತ್ತಾರೆ. ಎಂಟು ದಿನ ಎಂಬ ಅಳತೆ ಹಿಂತೆಗೆತದ ಅವಧಿಗೆ ಸರಿಯಾಗಿ ಹೊಂದುತ್ತದೆ. ಈ ಬಗೆಯ ಯಾವ ಶಿಬಿರಕ್ಕೆ ಸೇರುವವರೂ ಹಿಂದೆ ಫಿಟ್ಸ್ ಬಂದಿದ್ದರೆ, ಕಾಮಾಲೆ ಇದ್ದರೆ, ರಕ್ತ ವಾಂತಿಯಾಗಿದ್ದರೆ ಮೊದಲ ದಿನವೇ ಹೇಳಬೇಕು. ಅಂಥವರ ಜಾಗ ಆಸ್ಪತ್ರೆಯ ವಾರ್ಡು.

ಎಲ್ಲಿಗೆ, ಹೇಗೆ

ಮನೆಯಲ್ಲೇ ಬಿಡಬಹುದಾದವರು ಇದ್ದಾರೆ: ಕುಡಿತದ ಪ್ರಮಾಣ ಕಡಿಮೆ, ಹಿಂದೆ ತೊಡಕು ಬಂದಿಲ್ಲ, ಬೇರೆ ಕಾಯಿಲೆಯಿಲ್ಲ, ಜೊತೆಗೆ ಎಚ್ಚರವಾಗಿರುವ ಒಬ್ಬರಿದ್ದಾರೆ, ದಿನಕ್ಕೊಮ್ಮೆ ವೈದ್ಯರನ್ನೋ ನರ್ಸನ್ನೋ ಕಾಣಬಹುದು. ಉಳಿದವರು, ಮುಖ್ಯವಾಗಿ ಬೆಳಗ್ಗೆಯೇ ಕುಡಿಯುವವರು, ಅರವತ್ತು ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಕ್ಷಯ, ಯಕೃತ್ತಿನ ರೋಗ ಇರುವವರು, ಈಚೆಗೆ ಬಿದ್ದು ತಲೆಗೆ ಪೆಟ್ಟಾದವರು, ಒಳರೋಗಿಯಾಗಿಯೇ ಬಿಡಬೇಕು. ಕುಡಿತ ನಿಲ್ಲಿಸಲು ಇನ್ನೂ ವೈದ್ಯರು ಸಿಗದಿದ್ದರೆ, ಸಿಗುವವರೆಗೆ ಒಮ್ಮೆಗೇ ನಿಲ್ಲಿಸದಿರುವುದೇ ಸುರಕ್ಷಿತ.

ತಾಳವಾಡಿಯ ಸರ್ಕಾರಿ ಆಸ್ಪತ್ರೆ ಮೊದಲ ನಿಲ್ದಾಣ. ದೊಡ್ಡ ಆಸ್ಪತ್ರೆ ಬೇಕಾದರೆ ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆ ಹತ್ತಿರ. ಅಲ್ಲಿ ಕನ್ನಡದಲ್ಲೇ ಮಾತು ನಡೆಯುತ್ತದೆ. ಹಿಂತೆಗೆತದ ರೋಗಿಗೆ ಇದು ಸಣ್ಣ ವಿಷಯವಲ್ಲ. ಎಷ್ಟು ಕುಡಿಯುತ್ತಿದ್ದ, ಕೊನೆಯದು ಯಾವಾಗ, ಕಣ್ಣಿಗೆ ಏನು ಕಾಣುತ್ತಿದೆ ಎಂಬುದನ್ನು ಮಾತಿನಿಂದಲೇ ತಿಳಿಯಬೇಕು; ದಿನ, ಊರು, ಹೆಸರು ಕೇಳಿ ಸನ್ನಿಯನ್ನು ಗುರುತಿಸುತ್ತಾರೆ. ತಮಿಳಿನಲ್ಲಿ ಕೇಳಿದ ಪ್ರಶ್ನೆಗೆ ಹಾಡಿಯ ಸೋಲಿಗ ಉತ್ತರಿಸದಿದ್ದರೆ ಅದು ಗೊಂದಲವೋ ಭಾಷೆ ಬಾರದ್ದೋ ಎಂದು ತಿಳಿಯುವುದು ಕಷ್ಟ. ಘಟ್ಟದ ಕೆಳಗಿನ ಆಸ್ಪತ್ರೆಗೇ ಹೋಗಬೇಕಾದಾಗ ಎರಡೂ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ, ಮತ್ತು ಬೆಳಕಿರುವಾಗಲೇ ಹೊರಡಿ.

ಕಟ್ಟಿಹಾಕಿ ಕುಡಿತ ಬಿಡಿಸುವ ಜಾಗಗಳಿಂದ ದೂರವಿರಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯವ್ಯಸನವನ್ನೂ ತನ್ನ ವ್ಯಾಪ್ತಿಗೆ ತಂದಿದೆ, ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

ವಾರದ ನಂತರ

ಏಳನೆಯ ದಿನಕ್ಕೆ ದೇಹ ಮದ್ಯವಿಲ್ಲದೆ ನಿಲ್ಲಲು ಕಲಿತಿರುತ್ತದೆ, ಬಯಕೆ ಉಳಿದಿರುತ್ತದೆ. ಬಯಕೆ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಕರ್ನಾಟಕದಲ್ಲಿ ಕನ್ನಡದಲ್ಲೂ ನಡೆಯುತ್ತವೆ. ಮತ್ತೆ ಕುಡಿದವರನ್ನು ಆಡಿಕೊಳ್ಳದೆ ಮತ್ತೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು; ಹಲವರು ಹಲವು ಸಲ ಪ್ರಯತ್ನಿಸಿಯೇ ಬಿಟ್ಟಿದ್ದಾರೆ.

ಕುಡಿತ ಬಿಡಬೇಕೆಂದಿರುವವರೂ ಅವರ ಮನೆಯವರೂ ನಿಲ್ಲಿಸುವ ದಿನಕ್ಕೆ ಮುಂಚೆ ಕರೆ ಮಾಡಬಹುದಾದ ಉಚಿತ ಸಂಖ್ಯೆಗಳು ಎರಡು: ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮತ್ತು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಉತ್ತರಿಸುತ್ತಾರೆ, ಭಾಷೆ ಆರಿಸಿಕೊಳ್ಳಬಹುದು. ಕನ್ನಡ, ತಮಿಳು ಎರಡೂ ಇವೆ. ಫಿಟ್ಸ್ ಬಂದಿದ್ದರೆ, ಮಾತು ತಪ್ಪುತ್ತಿದ್ದರೆ ಇವೆರಡನ್ನೂ ಬಿಟ್ಟು ನೇರ 108.